ಮೆತ್ತಗಾದ ಬ್ರೇಕು

ಮಕ್ಕಳೇ, ಹೋದ ವಾರ ಪ್ರೆಶರ್ ಕುಕ್ಕರಿನ ಸೀಟಿಯ ಸಂಗತಿ ಬರೆದಿದ್ದೆ. ಈ ವಾರ ಬಾವಿಯ ರಾಟೆಯ ವಿಷಯ ಎಂದು ಮಾತು ಕೊಟ್ಟಿದ್ದೆ. ರಾಟೆ ಇನ್ನೊಂದು ವಾರ ಕಾಯಲಿ. ನಡುವೆ ನಮ್ಮ ಮನೆಯಲ್ಲೇ ಒಂದು ಘಟನೆ ನಡೆದುಹೋಯಿತು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಮೊಮ್ಮಗಳು ನನ್ನನ್ನು ಸುಮ್ಮನೆ ಬಿಡುವವಳಲ್ಲ. "ಅಜ್ಜ, ಪೂರ್ತಿ ಬರಿ. ನ್ಯೂಟ್ರಲ್ ಮಾಡಿದ್ದನ್ನೂ ಬರಿ" ಎಂದು ಅವಳ ಅಪ್ಪಣೆ ಆಗಿದೆ.

ಹೆಬ್ರಿಯಲ್ಲಿ ನೆಂಟರ ಮನೆಯ ಉಪನಯನವಿತ್ತು. ನಮ್ಮದು ತೀರ್ಥಹಳ್ಳಿ ಕಡೆ. ಹೆಬ್ರಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. ಮಗ ಬೆಂಗಳೂರಿನಿಂದ ಫೋನು ಮಾಡಿ, "ಅಪ್ಪಾ, ಬಸ್ಸಿಗೆ ಹೋಗಿ" ಎಂದಿದ್ದ. ನನಗೆ ಸಿಟ್ಟು ಬಂತು. ನಲವತ್ತು ವರ್ಷ ಕಾರು ಓಡಿಸಿದವನಿಗೆ ಬಸ್ಸಿಗೆ ಹೋಗು ಅಂದರೆ ಹೇಗಾಗುತ್ತದೆ ಎಂದು ಈ ಪುಟ ಓದುವ ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಾರಿನಲ್ಲೇ ಹೊರಟೆವು. ಪಕ್ಕದಲ್ಲಿ ನನ್ನಾಕೆ, ಹಿಂದೆ ಏಳನೇ ಕ್ಲಾಸಿನ ಮೊಮ್ಮಗಳು, ಅವಳ ಮಡಿಲಲ್ಲಿ ಕೋಡುಬಳೆ ಡಬ್ಬಿ.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಒಂದೊಂದು ತಿರುವಿಗೂ ರಸ್ತೆ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಮೊಮ್ಮಗಳು ಬೆರಳು ಮಡಿಚಿ ಎಣಿಸುತ್ತಿದ್ದಳು. ನಾನು ಏನು ಮಾಡುತ್ತಿದ್ದೆ ಎಂಬುದನ್ನು ಈಗ ಹೇಳಿಬಿಡುತ್ತೇನೆ. ಇಳಿಜಾರು ತಾನೇ, ಪೆಟ್ರೋಲ್ ಉಳಿಯಲಿ ಎಂದು ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಬರೀ ಬ್ರೇಕಿನ ಮೇಲೆ ಇಳಿಯುತ್ತಿದ್ದೆ. ಎಷ್ಟೋ ವರ್ಷದ ಕೆಟ್ಟ ಚಾಳಿ. ಯಾವ ಸಲವೂ ಏನೂ ಆಗಿರಲಿಲ್ಲವಾದ್ದರಿಂದ ಅದನ್ನು ನಾನು ಜಾಣತನ ಎಂದುಕೊಂಡಿದ್ದೆ.

"ಒಂಬತ್ತು" ಎಂದಳು ಮೊಮ್ಮಗಳು. ಆ ತಿರುವಿಗೆ ಬ್ರೇಕು ಒತ್ತಿದಾಗ ಪೆಡಲು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ನೆನೆದ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗಿಳಿಯಿತು. ಗಾಡಿ ನಿಧಾನವಾಯಿತು, ಆದರೆ ಬೇಕಾದಷ್ಟು ಆಗಲಿಲ್ಲ. ಹತ್ತನೆಯ ತಿರುವಿಗೆ ಮೊದಲು ಇನ್ನೊಮ್ಮೆ ಒತ್ತಿದೆ. ಪೆಡಲು ಹೆಚ್ಚುಕಡಿಮೆ ನೆಲಕ್ಕೇ ತಾಗಿತು.

ಆಗ ಮಾಡಿದ್ದೆಲ್ಲ ಕೈಕಾಲಿಗೆ ತಾನಾಗಿ ಬಂದದ್ದು. ಪೆಡಲನ್ನು ಪಂಪು ಹೊಡೆದ ಹಾಗೆ ಬೇಗಬೇಗ ನಾಲ್ಕೈದು ಸಲ ಒತ್ತಿದೆ, ಸ್ವಲ್ಪ ಹಿಡಿತ ಬಂತು. ಗೇರನ್ನು ಮೂರಕ್ಕೆ ಹಾಕಿ ಎರಡಕ್ಕೆ ಇಳಿಸಿದೆ, ಇಂಜಿನ್ನು ಜೋರಾಗಿ ಕೂಗುತ್ತಾ ಗಾಡಿಯನ್ನು ಹಿಡಿದುಕೊಂಡಿತು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪಸ್ವಲ್ಪವೇ ಎಳೆದೆ. ಗುಡ್ಡದ ಬದಿಗೆ ಒತ್ತಿಕೊಂಡು ಗಾಡಿ ನಿಂತಿತು. ನನ್ನಾಕೆ ಏನೂ ಮಾತಾಡಲಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಬೈಯದೇ ಇದ್ದ ಸಂದರ್ಭಗಳು ಕಡಿಮೆ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಮೊಮ್ಮಗಳು ನೀರಿನ ಬಾಟಲಿ ಹಿಡಿದು ಓಡಿ ಬಂದಳು. ತಡೆದೆ. ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಡಿಸ್ಕು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಾನಾಗಿ ಆರಲಿ ಎಂದು ಚಕ್ರಕ್ಕೆ ಕಲ್ಲು ಕೊಟ್ಟು ಒಂದು ಗಂಟೆ ಕೂತೆವು. ಕೋತಿಗಳು ಕೋಡುಬಳೆಯನ್ನು ನಮಗಿಂತ ಹೆಚ್ಚು ತಿಂದವು. ಆಮೇಲೆ ಒತ್ತಿ ನೋಡಿದರೆ, ಪೆಡಲು ಮೊದಲಿನ ಹಾಗೇ ಗಟ್ಟಿ! ಉಳಿದ ತಿರುವುಗಳನ್ನು ಒಂದನೇ ಗೇರಿನಲ್ಲಿ ಆಮೆಯ ಹಾಗೆ ಇಳಿದು ಸೋಮೇಶ್ವರ ಮುಟ್ಟಿದೆವು. ಹೆಬ್ರಿಗೆ ಹೋಗುವಾಗ ಊಟದ ಎಲೆ ಎತ್ತಿ ಆಗಿತ್ತು. ವಾಪಸು ಬರುವಾಗ ಕಾರನ್ನು ಒಬ್ಬ ಡ್ರೈವರಿನ ಕೈಗೆ ಕೊಟ್ಟು, ಖಾಲಿ ಗಾಡಿಯನ್ನು ನಿಧಾನಕ್ಕೆ ಘಾಟಿ ಹತ್ತಿಸಲು ಹೇಳಿ, ನಾವು ಬಸ್ಸಿಗೇ ಬಂದೆವು. ಮಗ ಫೋನು ಮಾಡಿದಾಗ, "ಎಲ್ಲ ಚೆನ್ನಾಗಾಯ್ತು" ಎಂದೆ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳ ಪ್ರಶ್ನೆ ತಯಾರಾಗಿತ್ತು. "ಅಜ್ಜ, ಬ್ರೇಕ್ ಹಾಳಾಗಿದ್ದರೆ ಹಾಳಾಗಿಯೇ ಇರಬೇಕಲ್ಲ? ಒಂದು ಗಂಟೆ ಕೂತರೆ ಹೇಗೆ ಸರಿಯಾಯ್ತು?"

ನೋಡಿ, ರೋಗ ಪತ್ತೆ ಮಾಡುವ ಪ್ರಶ್ನೆಯೇ ಅದು. ಡಾಕ್ಟರು ಕೇಳುವುದಿಲ್ಲವೇ, ಜ್ವರ ಬಿಟ್ಟುಬಿಟ್ಟು ಬರುತ್ತದೋ, ಒಂದೇ ಸಮನೆ ಇದೆಯೋ ಎಂದು?

ಉತ್ತರ ಹುಡುಕಲು ನಾವು ಮೆಡಿಕಲ್ ಶಾಪಿನಿಂದ ಎರಡು ಹೊಸ ಸಿರಿಂಜು ತಂದೆವು. ಒಂದು 5 ಮಿ.ಲೀ., ಇನ್ನೊಂದು 20 ಮಿ.ಲೀ. ಸೂಜಿ ಬೇಡ. ಎರಡರ ಮೂತಿಗೂ ಬಿಗಿಯಾಗಿ ಕೂರುವ ಒಂದು ಗೇಣು ಪ್ಲಾಸ್ಟಿಕ್ ಪೈಪು. ನೀವೂ ಮಾಡಿ. ಬಕೆಟ್ ನೀರಿನೊಳಗೇ ಮುಳುಗಿಸಿ ಜೋಡಿಸಿದರೆ ಒಳಗೆ ಗಾಳಿ ಸೇರುವುದಿಲ್ಲ. ಚಿಕ್ಕದರಲ್ಲಿ ನೀರು ತುಂಬಿರಲಿ, ದೊಡ್ಡದು ಒತ್ತಿ ಖಾಲಿಯಾಗಿರಲಿ. ಈಗ ಚಿಕ್ಕದನ್ನು ಒತ್ತಿದರೆ ಅದೇ ಕ್ಷಣ ದೊಡ್ಡದರ ದಂಡ ಮೇಲೇಳುತ್ತದೆ. ಚಿಕ್ಕದನ್ನು ಮೊಮ್ಮಗಳ ಕೈಗೆ ಕೊಟ್ಟು ದೊಡ್ಡದರ ದಂಡವನ್ನು ನಾನು ಹೆಬ್ಬೆರಳಿನಿಂದ ಅದುಮಿ ಹಿಡಿದೆ. ಅವಳು ಗೆದ್ದಳು! ಚಿಕ್ಕ ಕೈಯ ಬಲ ದೊಡ್ಡ ಸಿರಿಂಜಿಗೆ ಹೋಗುವಾಗ ಹೆಚ್ಚುತ್ತದೆ. ಆದರೆ ಪುಕ್ಕಟೆಯಾಗಿ ಅಲ್ಲ. ಚಿಕ್ಕದನ್ನು ಪೂರ್ತಿ ಒತ್ತಿದರೂ ದೊಡ್ಡದರ ದಂಡ ಸರಿಯುವುದು 5ರ ಗೆರೆಯವರೆಗೆ ಮಾತ್ರ. ಬಲ ಹೆಚ್ಚು ಸಿಕ್ಕಿತು, ಚಲನೆ ಕಡಿಮೆಯಾಯಿತು.

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ಆ ಪುಸ್ತಕ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅದನ್ನು ಕಾರಿನ ಬ್ರೇಕಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಂ ಲಾಕ್‌ಹೀಡ್. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕು ಬಂತು. ನಿಮ್ಮ ಅಪ್ಪನ ಕಾರಿನ ಪೆಡಲಿನ ಮುಂದೆ ಮಾಸ್ಟರ್ ಸಿಲಿಂಡರ್ ಎಂಬ ಚಿಕ್ಕ ಸಿರಿಂಜು ಇದೆ, ಚಕ್ರಗಳ ಹತ್ತಿರ ದೊಡ್ಡ ಸಿರಿಂಜುಗಳಿವೆ, ನಡುವೆ ಪೈಪು, ಪೈಪಿನ ತುಂಬ ಬ್ರೇಕ್ ಆಯಿಲ್. ಅಷ್ಟೇ.

ಈಗ ನಿಜವಾದ ತಮಾಷೆ. ಪೈಪು ಬಿಚ್ಚಿ, ಒಳಗೆ ಬೇಕೆಂದೇ ಒಂದಿಷ್ಟು ಗಾಳಿ ಬಿಟ್ಟು ಮತ್ತೆ ಸಿಕ್ಕಿಸಿದೆವು. ದೊಡ್ಡ ದಂಡವನ್ನು ನಾನು ಅದುಮಿ ಹಿಡಿದೆ, ಅವಳು ಒತ್ತಿದಳು. ಚಿಕ್ಕ ದಂಡ ಮೆತ್ತಗೆ ಒಳಗೆ ಹೋಯಿತು, ನನ್ನ ಹೆಬ್ಬೆರಳಿಗೆ ಅವಳ ಬಲ ಸರಿಯಾಗಿ ಮುಟ್ಟಲೇ ಇಲ್ಲ. ಕೈಬಿಟ್ಟರೆ ಚಿಕ್ಕ ದಂಡ ಸ್ಪ್ರಿಂಗಿನ ಹಾಗೆ ಹಿಂದೆ ಬಂತು. ನೀರು ಅದುಮಿದರೆ ಕುಗ್ಗುವುದಿಲ್ಲ ಎನ್ನಬಹುದು, ಗಾಳಿ ಕುಗ್ಗುತ್ತದೆ. ಪೆಡಲು ಓಡಾಡುವ ದೂರವೇ ಒಂದು ಗೇಣಿನ ಒಳಗೆ. ಆ ಓಡಾಟವನ್ನೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚು ಮಾಡಿದರೆ ಚಕ್ರದ ಹತ್ತಿರ ಏನು ಉಳಿಯುತ್ತದೆ?

"ಹಾಗಾದ್ರೆ ಘಾಟಿಯಲ್ಲಿ ಗಾಳಿ ಎಲ್ಲಿಂದ ಬಂತು? ಆಮೇಲೆ ಎಲ್ಲಿ ಹೋಯ್ತು?" ಎಂದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಸ್ಕಲನ ನಿಯಮವನ್ನು ಬೋರ್ಡಿನ ಮೇಲೆ ಬರೆದವನು ನಾನು. ಆ ಪ್ರಶ್ನೆಗೆ ಮಾತ್ರ ನಮ್ಮೂರ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋಗಬೇಕಾಯಿತು.

ಮೇಸ್ತ್ರಿ ಮನೆಗೇ ಬಂದರು. ಬಾನೆಟ್ ಎತ್ತುವ ಮೊದಲು ಇಂಜಿನ್ ಬಂದ್ ಮಾಡಿ ಪೆಡಲನ್ನು ಒತ್ತಿ, ಒತ್ತಿಯೇ ಹಿಡಿದು ಒಂದು ನಿಮಿಷ ಕೂತರು. ಪೆಡಲು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದು ಅರ್ಥವಂತೆ. ಇಳಿಯಲಿಲ್ಲ. ಆಮೇಲೆ ನಾಲ್ಕೂ ಚಕ್ರದ ಹಿಂದೆ ಬಗ್ಗಿ ಬೆರಳಾಡಿಸಿ ಎಲ್ಲೂ ಒದ್ದೆ ಇಲ್ಲವೆಂದು ನೋಡಿಕೊಂಡರು. ನನಗೆ ಪೆಡಲು ಒತ್ತಲು ಹೇಳಿ ರಬ್ಬರ್ ಹೋಸುಗಳು ಬಲೂನಿನ ಹಾಗೆ ಉಬ್ಬುತ್ತವೆಯೇ ಎಂದು ಟಾರ್ಚ್ ಹಾಕಿ ನೋಡಿದರು. ಅದೂ ಇಲ್ಲ. ಕೊನೆಗೆ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದರು.

"ಮೇಷ್ಟ್ರೇ, ಇದು ಆಯಿಲೋ, ಕಷಾಯವೋ?"

ಹೊಸ ಬ್ರೇಕ್ ಆಯಿಲ್ ತೆಳು ಜೇನಿನ ಬಣ್ಣದಲ್ಲಿರುತ್ತದೆ. ನಮ್ಮದು ಕಪ್ಪು ಕಾಫಿಯಾಗಿತ್ತು. ಬದಲಾಯಿಸಿ ಎಷ್ಟು ವರ್ಷವಾಯಿತು ಎಂದು ಕೇಳಿದರು. ನಾನು ತಲೆ ಕೆರೆದುಕೊಂಡೆ. ಕಡಿಮೆಯಾದಾಗ ಮೇಲಿಂದ ಒಂದಿಷ್ಟು ಹಾಕಿದ್ದೆ, ಬದಲಾಯಿಸಿದ್ದು ನೆನಪೇ ಇಲ್ಲ. ಹಾಗೆ ಹಾಕಿದ್ದೂ ತಪ್ಪೇ ಎಂದು ಆಗ ತಿಳಿಯಿತು. ಪ್ಯಾಡು ಸವೆದಷ್ಟೂ ಡಬ್ಬಿಯ ಮಟ್ಟ ಇಳಿಯುತ್ತದೆ. ಯಾಕೆ ಇಳಿಯಿತು ಎಂದು ನೋಡದೆ ತುಂಬಿಸಿಬಿಟ್ಟರೆ, ಗಾಡಿ ಹೇಳಹೊರಟದ್ದನ್ನು ಬಾಯಿ ಮುಚ್ಚಿಸಿದ ಹಾಗೆ.

ಬ್ರೇಕ್ ಆಯಿಲಿಗೆ ಒಂದು ಗುಣವಿದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದಿಲ್ಲವೇ, ಹಾಗೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮದಾದರೋ ಆಗುಂಬೆಯ ಪಕ್ಕದ ಸೀಮೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ನೆರೆ. ಡಾಟ್ 3 ಎಂಬ ಗುರುತಿನ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್ ತನಕವಾದರೂ ಕುದಿಯಬಾರದು ಎಂದು ನಿಯಮವಿದೆ. ಅದೇ ಆಯಿಲು ನೂರಕ್ಕೆ ನಾಲ್ಕು ಭಾಗದಷ್ಟು ನೀರು ಕುಡಿಯಿತೆಂದರೆ ಕುದಿಯುವ ಬಿಂದು 140ರ ಹತ್ತಿರಕ್ಕೆ ಇಳಿದುಬಿಡಬಹುದು. ಡಾಟ್ 4 ಆದರೆ ಹೊಸದಕ್ಕೆ 230, ನೀರು ಕುಡಿದದ್ದಕ್ಕೆ 155.

ಕುಕ್ಕರಿನ ಪಾಠ ನೆನಪಿದೆಯೇ? ಕುದಿದರೆ ಆವಿ. ಆವಿಯೆಂದರೆ ಗುಳ್ಳೆ. ನಾನು ನ್ಯೂಟ್ರಲ್ಲಿನಲ್ಲಿ ಇಳಿಯುತ್ತಾ ಗಾಡಿಯ ಓಟವನ್ನೆಲ್ಲ ಬ್ರೇಕಿನ ಪ್ಯಾಡಿನಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡುತ್ತಿದ್ದೆ. ಆ ಬಿಸಿ ಚಕ್ರದ ಸಿಲಿಂಡರಿಗೆ ಏರಿ ಒಳಗಿನ ನೀರು ಕುಡಿದ ಆಯಿಲು ಕುದಿಯಿತು. ಒಂದು ಗಂಟೆ ಕೂತಾಗ ಆವಿ ತಣಿದು ಮತ್ತೆ ದ್ರವವಾಯಿತು. ಗುಳ್ಳೆ ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗಲಿಲ್ಲ.

ಮೇಸ್ತ್ರಿ ಇದನ್ನು ಹೇಳುವಾಗ ನನ್ನಾಕೆ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಗೇರಲ್ಲೇ ಇಳಿದಿದ್ದರೆ ಇಷ್ಟು ಬಿಸಿ ಏರ್ತಿರಲಿಲ್ಲ. ನ್ಯೂಟ್ರಲ್ ಏನಾದ್ರೂ ಮಾಡಿದ್ರಾ?" ಎಂದು ಅವರು ಕೇಳಿದರು. ಮೊಮ್ಮಗಳು ನನ್ನನ್ನು ನೋಡಿದಳು. ನನ್ನಾಕೆಯೂ ನೋಡಿದಳು. ಹೌದು ಎಂದೆ. ನನ್ನಾಕೆ ಲೋಟ ಕೊಟ್ಟು ಒಳಗೆ ಹೋದಳು. ಆ ದಿನದ ಕಾಫಿಗೆ ಸಕ್ಕರೆ ಇರಲಿಲ್ಲ.

ಅಟ್ಟದಲ್ಲಿದ್ದ ಅರ್ಧ ಬಾಟಲಿ ಬ್ರೇಕ್ ಆಯಿಲನ್ನು ನಾನು ತಂದುಕೊಟ್ಟೆ. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಒಮ್ಮೆ ತೆರೆದಿಟ್ಟ ಬಾಟಲಿಯೂ ತೇವ ಕುಡಿದಿರುತ್ತದೆ, ಸೀಲು ಒಡೆಯದ್ದೇ ಬೇಕು ಎಂದರು. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ, ಅದನ್ನು ಓದಿಕೊಂಡು ಹೊಸದು ತಂದೆವು.

ಹಳೆಯದನ್ನು ತೆಗೆದು ಹೊಸದು ತುಂಬುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲಿನ ಮೇಲೆ, ಇನ್ನೊಬ್ಬರು ಚಕ್ರದ ಹತ್ತಿರ. ಇಂಜಿನ್ ಬಂದ್, ಕೀಲಿ ಮೇಸ್ತ್ರಿಯ ಜೇಬಿನಲ್ಲಿ, ಚಕ್ರಗಳಿಗೆ ಕಲ್ಲು. ಹಾಗಿದ್ದರಿಂದ ಪೆಡಲಿನ ಕೆಲಸ ಮೊಮ್ಮಗಳಿಗೆ ಸಿಕ್ಕಿತು. ಪ್ರತಿ ಚಕ್ರದ ಹಿಂದೆ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ಪಾರದರ್ಶಕ ಪೈಪು ಸಿಕ್ಕಿಸಿ, ಪೈಪಿನ ತುದಿಯನ್ನು ಒಂದಿಷ್ಟು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದರು. ನಮ್ಮ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ್ದು ಹಿಂದಿನ ಎಡ ಚಕ್ರ, ಮೊದಲು ಅದು. ಎಲ್ಲ ಕಾರಿಗೂ ಇದೇ ಸರದಿಯಲ್ಲವಂತೆ.

"ಒತ್ತು ಮಗಾ." ಒತ್ತಿದಳು.

"ಹಿಡ್ಕೋ." ಮೇಸ್ತ್ರಿ ಸ್ಪಾನರಿನಿಂದ ನಿಪ್ಪಲನ್ನು ಸ್ವಲ್ಪ ಸಡಿಲಿಸಿದರು. ಕರಿ ಆಯಿಲು ಪೈಪಿನಲ್ಲಿ ಜಾರಿತು, ಪೆಡಲು ಅವಳ ಕಾಲಡಿಯಲ್ಲಿ ಕುಸಿಯಿತು. ನಿಪ್ಪಲ್ ಬಿಗಿಮಾಡಿದರು. "ಈಗ ಬಿಡು."

ಕ್ರಮ ಇಷ್ಟೇ. ಆದರೆ ನಾಲ್ಕನೆಯ ಸಲಕ್ಕೆ ಅವಳು "ಬಿಡು" ಎನ್ನುವ ಮೊದಲೇ ಕಾಲು ತೆಗೆದಳು. ಹೊರಗೆ ಬಂದದ್ದೆಲ್ಲ ಪೈಪಿನಲ್ಲಿ ಹಿಂದಕ್ಕೆ ಓಡಿತು. ಪೈಪಿನ ತುದಿ ಆಯಿಲಿನಲ್ಲಿ ಮುಳುಗಿರದಿದ್ದರೆ ಗಾಳಿಯೇ ಒಳಗೆ ಹೋಗುತ್ತಿತ್ತು. ಅವಳ ಮುಖ ಚಿಕ್ಕದಾಯಿತು. ಮೇಸ್ತ್ರಿ ಬೈಯಲಿಲ್ಲ, "ಅದಕ್ಕೇ ಬಾಟಲಿ ಇಟ್ಟದ್ದು. ನನ್ನ ಶಿಷ್ಯಂದಿರೆಲ್ಲ ಒಂದು ಸಲ ಹೀಗೆ ಮಾಡಿಯೇ ಕಲಿತದ್ದು" ಎಂದರು. ನನ್ನ ಕೆಲಸ ಡಬ್ಬಿ ಖಾಲಿಯಾಗದ ಹಾಗೆ ಹೊಸ ಆಯಿಲು ಹಾಕುತ್ತಾ ಇರುವುದು. ಅದು ಖಾಲಿಯಾದರೆ ಮೇಲಿನಿಂದಲೇ ಗಾಳಿ ಎಳೆದುಕೊಂಡು ಮಾಡಿದ್ದೆಲ್ಲ ನೀರುಪಾಲು. ಒಂದು ತೊಟ್ಟು ನನ್ನ ಕೈತಪ್ಪಿ ಬಣ್ಣದ ಮೇಲೆ ಬಿತ್ತು. ಮೇಸ್ತ್ರಿ ಹಾರಿ ಬಂದು ನೀರು ಸುರಿದು ತೊಳೆದರು. ಈ ಆಯಿಲು ಕಾರಿನ ಬಣ್ಣವನ್ನು ತಿಂದುಬಿಡುತ್ತದೆ, ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ. ತೆಗೆದ ಹಳೆಯದನ್ನು ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಯ್ದರು.

ಪೈಪಿನಲ್ಲಿ ಕಾಫಿ ಬಣ್ಣ ಹೋಗಿ ಜೇನಿನ ಬಣ್ಣ ಬರುವ ತನಕ ಒಂದೊಂದು ಚಕ್ರಕ್ಕೂ ಇದೇ ರಾಗ: ಒತ್ತು, ಹಿಡ್ಕೋ, ಬಿಡು. ಪಕ್ಕದ ಮನೆಯವರು ಯಾರಿಗೋ ಯೋಗ ಕಲಿಸುತ್ತಿದ್ದಾರೆ ಎಂದುಕೊಂಡರಂತೆ.

ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಮೊದಲ ಸಲ ಒತ್ತಿದರೆ ಪೆಡಲು ಇನ್ನೂ ಸ್ವಲ್ಪ ಕೆಳಗೆ ಹೋಗುತ್ತಿತ್ತು, ತಕ್ಷಣ ಎರಡನೇ ಸಲ ಒತ್ತಿದರೆ ಮೇಲೆಯೇ ನಿಲ್ಲುತ್ತಿತ್ತು. "ಇನ್ನೂ ಗಾಳಿ ಇದೆ" ಎಂದೆ ನಾನು. ಮೇಸ್ತ್ರಿ ತಲೆಯಾಡಿಸಿದರು. ಗಾಳಿಯಿದ್ದರೆ ಪೆಡಲು ಸ್ಪಂಜಿನ ಹಾಗಿರುತ್ತದೆ, ಇದು ಹಾಗಿಲ್ಲ. ಕೆಳಗೆ ಹೋಗುತ್ತದೆ, ಆದರೆ ನಿಂತ ಕಡೆ ಕಲ್ಲಿನಂತೆ ನಿಲ್ಲುತ್ತದೆ ಎಂದರು. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ ತಿರುಗಿಸಿದರು. ಸರಾಗವಾಗಿ, ಅತಿ ಸರಾಗವಾಗಿ ತಿರುಗಿದವು. ಹಿಂದೆ ಇರುವುದು ಡ್ರಮ್ ಬ್ರೇಕು. ಒಳಗಿನ ಶೂಗಳು ಸವೆದು ಡ್ರಮ್ಮಿನಿಂದ ದೂರ ಸರಿದಿದ್ದವು. ಆ ಅಂತರ ತುಂಬುವುದಕ್ಕೇ ಪೆಡಲಿನ ಮೊದಲ ಒತ್ತು ಖರ್ಚಾಗುತ್ತಿತ್ತು. ಸ್ಕ್ರೂಡ್ರೈವರಿನಿಂದ ಒಳಗಿನ ಹಲ್ಲಿನ ಚಕ್ರವನ್ನು ಟಕ್ ಟಕ್ ಎಂದು ತಿರುಗಿಸಿ, ಶೂ ಡ್ರಮ್ಮಿಗೆ ಉಜ್ಜುವ ಸದ್ದು ಬಂದ ಮೇಲೆ ಎರಡು ಹಲ್ಲು ಹಿಂದೆ ಬಿಟ್ಟರು. ಒಂದು ಲಕ್ಷಣ, ಎರಡು ಕಾರಣ. ನಾನೊಬ್ಬನೇ ಆಗಿದ್ದರೆ ಇನ್ನೂ ಎರಡು ಬಾಟಲಿ ಆಯಿಲು ಸುರಿದು ಗಾಳಿ ಹುಡುಕುತ್ತಾ ಕೂರುತ್ತಿದ್ದೆ.

ಕೊನೆಗೆ ಮೊಮ್ಮಗಳು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ, ಗೇರು ನ್ಯೂಟ್ರಲ್ಲಿನಲ್ಲೇ ಇದೆಯೆಂದು ನೋಡಿಕೊಂಡು ಮೇಸ್ತ್ರಿ ಕಿಟಕಿಯಿಂದ ಕೈ ಹಾಕಿ ಇಂಜಿನ್ ಚಾಲೂ ಮಾಡಿದರು. "ಅಯ್ಯೋ, ಮತ್ತೆ ಕೆಳಗೆ ಹೋಯ್ತು!" ಎಂದು ಕಿರುಚಿದಳು. ಅವರು ನಕ್ಕರು. ಇಂಜಿನ್ನು ಓಡುವಾಗ ನಿರ್ವಾತದ ಬಲದಿಂದ ಕಾಲಿಗೆ ಸಹಾಯ ಮಾಡುವ ಬೂಸ್ಟರ್ ಎಂಬ ಡಬ್ಬಿಯಿದೆ. ಇಂಜಿನ್ ಹೊತ್ತಿದಾಗ ಪೆಡಲು ಒಂದು ಚೂರು ಇಳಿಯಲೇಬೇಕು, ಇಳಿಯದಿದ್ದರೆ ಬೂಸ್ಟರಿಗೆ ಕಾಯಿಲೆ.

ಸಂಜೆ ಶಾಲೆಯ ಖಾಲಿ ಮೈದಾನದಲ್ಲಿ ಮೇಸ್ತ್ರಿಯೇ ಮೊದಲು ಹತ್ತರ ವೇಗದಲ್ಲಿ, ಆಮೇಲೆ ಇಪ್ಪತ್ತರಲ್ಲಿ ಓಡಿಸಿ ನಿಲ್ಲಿಸಿ ನೋಡಿದರು. ಆಮೇಲೆ ನಾನು. ಪೆಡಲಿನ ಕೆಳಗೆ ಕಲ್ಲು ಇಟ್ಟ ಹಾಗೆ ಗಟ್ಟಿಯಾಗಿತ್ತು. ಮನೆಗೆ ಬರುವಾಗ ಮೊಮ್ಮಗಳು ಕೇಳಿದಳು, "ಅಜ್ಜ, ಅವತ್ತು ನಿಂಗೆ ಹೆದರಿಕೆ ಆಗಿತ್ತಾ?"

"ಆಗಿತ್ತು."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ರಾತ್ರಿ ಮಗನಿಗೆ ನಾನೇ ಫೋನು ಮಾಡಿದೆ. ಒಂಬತ್ತನೆಯ ತಿರುವಿನಿಂದ ಹಿಡಿದು ಸಕ್ಕರೆಯಿಲ್ಲದ ಕಾಫಿಯ ತನಕ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಇನ್ನು ಕಾರಿನ ಕೀಲಿ ಮುಟ್ಟಬೇಡಿ ಎನ್ನುತ್ತಾನೆ ಎಂದೇ ಕಾದಿದ್ದೆ. "ಮುಂದಿನ ಸಲ ಘಾಟಿ ಇಳಿಯುವಾಗ ನಾನು ಬರ್ತೇನೆ, ಪಕ್ಕದಲ್ಲಿ ಕೂರ್ತೇನೆ" ಎಂದ.

ಮೊಮ್ಮಗಳು ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಚೀಟಿ ಮಾಡಿದ್ದಾಳೆ. ಮೇಲಿನ ಸಾಲಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಕು. ಕೆಳಗಿನ ಸಾಲಿನಲ್ಲಿ, ಮೇಸ್ತ್ರಿ ಹೇಳಿದ ಪ್ರಕಾರ ಎರಡು ವರ್ಷ ಮುಂದಿನ ತಾರೀಕು. ಅದರ ಪಕ್ಕ ಬ್ರಾಕೆಟಿನಲ್ಲಿ "ಆಗ ನಾನು ಒಂಬತ್ತನೇ ಕ್ಲಾಸು, ಪೆಡಲಿಗೆ ನಾನೇ" ಎಂದು ಬರೆದಿದ್ದಾಳೆ. ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸಲು ಹೊರಟಿದ್ದಳು. ಅಲ್ಲಿ ಬಿಸಿಗೆ ಅಂಟು ಬಿಡುತ್ತದೆ ಎಂದು ಅವಳ ಅಜ್ಜಿ ಅದನ್ನು ಕಸಿದುಕೊಂಡು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾಳೆ.

ಮುಂದಿನ ವಾರ ರಾಟೆ, ಖಂಡಿತ.